ನೋವಿನ ಜೆಲ್ಲಿಗೂ ಒಂದು ಅಳತೆಯಿದೆ

ಮಂಡ್ಯದ ಸುತ್ತಮುತ್ತ ವರ್ಷಗಟ್ಟಲೆ ಭತ್ತದ ನಾಟಿ ಮಾಡಿ, ಕುಕ್ಕುರುಗಾಲಿನಲ್ಲಿ ಕೂತು ಕಳೆ ಕಿತ್ತ ಹೆಂಗಸರಿರುವ ಮನೆಗಳಲ್ಲಿ ನೋವಿನ ಜೆಲ್‌ನ ಟ್ಯೂಬೊಂದು ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಅದು ಅತ್ತೆಯವರ ದಿಂಬಿನ ಪಕ್ಕದಲ್ಲಿದೆ. ಮಂಡಿ ಸವೆತಕ್ಕೆಂದು ಮೈಸೂರಿನ ಮೂಳೆ ವೈದ್ಯರ ಬಳಿ ಕರೆದೊಯ್ದಾಗ ಅವರು ಮಾತ್ರೆಯ ಬದಲು ನೋವು, ಉರಿಯೂತ ತಗ್ಗಿಸುವ ಡೈಕ್ಲೋಫೆನಾಕ್ ಜೆಲ್ ಬರೆದುಕೊಟ್ಟರು. "ಇಷ್ಟ್ ದೂರ ಬಂದಿದ್ದು ಈ ಮುಲಾಮ್ಗಾ ಕಣವ್ವ?" ಎಂದು ಅತ್ತೆ ಬಸ್ಸಿನಲ್ಲಿ ನನ್ನನ್ನು ಕೇಳಿದರು.

ವೈದ್ಯರ ಆಯ್ಕೆ ಸರಿಯಾಗಿಯೇ ಇತ್ತು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯೂ ಮಂಡಿ ಸವೆತದ ನೋವಿಗೆ ಉರಿಯೂತ ತಗ್ಗಿಸುವ ಔಷಧವನ್ನು ನುಂಗುವ ಮೊದಲು ಹಚ್ಚಿ ನೋಡಬೇಕೆನ್ನುತ್ತದೆ. ಮಂಡಿಯ ಕೀಲು ಚರ್ಮಕ್ಕೆ ಹತ್ತಿರವಿರುವುದರಿಂದ ಔಷಧ ಅಲ್ಲಿಗೆ ಇಳಿಯಬಲ್ಲದು. ಆಳದಲ್ಲಿರುವ ಸೊಂಟದ ಕೀಲಿಗೆ ಈ ಅನುಕೂಲವಿಲ್ಲ. ಶೇಕಡಾ 1ರ ಡೈಕ್ಲೋಫೆನಾಕ್ ಜೆಲ್ಲನ್ನು ಒಂದು ಮಂಡಿಗೆ ಹಚ್ಚಿದಾಗ ರಕ್ತಕ್ಕೆ ಸೇರುವ ಔಷಧ, ಮಾತ್ರೆ ನುಂಗಿದಾಗ ಸೇರುವುದರ ಸುಮಾರು ಶೇಕಡಾ 6ರಷ್ಟು ಮಾತ್ರ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವ ಅತ್ತೆಯಂಥವರಿಗೆ ಇದು ಸಣ್ಣ ವಿಷಯವಲ್ಲ, ಏಕೆಂದರೆ ನುಂಗುವ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ಹುಣ್ಣು ಮಾಡುವುದಲ್ಲದೆ ರಕ್ತದೊತ್ತಡವನ್ನು ಏರಿಸಬಲ್ಲವು, ಮೂತ್ರಪಿಂಡಕ್ಕೂ ಹೃದಯಕ್ಕೂ ತೊಂದರೆ ಕೊಡಬಲ್ಲವು.

ಹಾಗೆಂದು ಇದನ್ನು ರಾಮಬಾಣವೆಂದು ಹೊಗಳಲಾರೆ. ಹಲವು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದ 2016ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಡೈಕ್ಲೋಫೆನಾಕ್ ಅಥವಾ ಅದೇ ಬಗೆಯ ಕೀಟೊಪ್ರೊಫೆನ್ ಹಚ್ಚಿದ 100 ಜನರಲ್ಲಿ ಸುಮಾರು 60 ಮಂದಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ನೋವು ಅರ್ಧಕ್ಕಿಳಿಯಿತು. ಔಷಧವಿಲ್ಲದ ಬರಿಯ ಜೆಲ್ ಹಚ್ಚಿದವರಲ್ಲಿ ಅದು ಸುಮಾರು 50 ಮಂದಿಗೆ. ಲಾಭ ಇದೆ, ಆದರೆ ಸಾಧಾರಣ. ಕೀಲಿನೊಳಗೆ ಸವೆದ ಮೃದ್ವಸ್ಥಿಯನ್ನು (ಮೆದು ಮೂಳೆಯನ್ನು) ಅದು ಮತ್ತೆ ಬೆಳೆಸುವುದೂ ಇಲ್ಲ.

ಆ ಸಾಧಾರಣ ಲಾಭವೂ ನಮ್ಮ ಮನೆಗಳಲ್ಲಿ ಸಿಗದಿರುವುದಕ್ಕೆ ಕಾರಣ ನಾವು ಹಚ್ಚುವ ರೀತಿ ಎಂಬುದು ನನ್ನ ಗುಮಾನಿ. ಅಮೆರಿಕದಲ್ಲಿ ಮಾರುವ ಶೇಕಡಾ 1ರ ಜೆಲ್‌ನೊಂದಿಗೆ ಅಳತೆಯ ಪಟ್ಟಿಯೊಂದನ್ನು ಕೊಡುತ್ತಾರೆ. ಒಂದು ಮಂಡಿಗೆ ಒಂದು ಸಲಕ್ಕೆ 4 ಗ್ರಾಂ, ಅಂದರೆ ಆ ಪಟ್ಟಿಯ ಮೇಲೆ ಸುಮಾರು ನಾಲ್ಕೂವರೆ ಅಂಗುಲ ಉದ್ದದ ಗೆರೆ, ದಿನಕ್ಕೆ ನಾಲ್ಕು ಸಲ. ಲೆಕ್ಕ ಹಾಕಿದರೆ ನಮ್ಮ ಅಂಗಡಿಗಳಲ್ಲಿ ಸಿಗುವ 30 ಗ್ರಾಂ ಟ್ಯೂಬು ಒಂದೇ ಮಂಡಿಗೆ ಎರಡು ದಿನ ಪೂರ್ತಿ ಬಾರದು. ಅತ್ತೆಯವರೋ ಅವರೆಕಾಳಿನಷ್ಟು ಜೆಲ್ಲನ್ನು ಬೆರಳ ತುದಿಗೆ ತೆಗೆದುಕೊಂಡು, ನೋವು ತಡೆಯಲಾಗದ ರಾತ್ರಿ ಮಾತ್ರ, ಎರಡೂ ಮಂಡಿಗೆ ಸವರಿ ತಿಂಗಳುಗಟ್ಟಲೆ ಒಂದೇ ಟ್ಯೂಬನ್ನು ನಡೆಸುತ್ತಿದ್ದರು. ಮಿತವ್ಯಯ ಅರ್ಥವಾಗುತ್ತದೆ, ದುಡ್ಡು ಪುಕ್ಕಟೆ ಬರುವುದಿಲ್ಲ. ಆದರೆ ಹಾಗೆ ಹಚ್ಚಿ "ಕೆಲಸ ಮಾಡಲಿಲ್ಲ" ಎಂದು ಮಾತ್ರೆಗೆ ಹೋಗುವುದು ನ್ಯಾಯವಲ್ಲ. ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ವಾರ ಎಂಬುದನ್ನು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಉರಿ ಹತ್ತಿದರೆ ಔಷಧ ನಾಟಿತು ಎಂಬ ನಂಬಿಕೆಯೂ ನಮ್ಮಲ್ಲಿ ಗಟ್ಟಿಯಾಗಿದೆ. ಇಲ್ಲಿ ಮಾರುವ ಅನೇಕ ಜೆಲ್‌ಗಳಲ್ಲಿ ಡೈಕ್ಲೋಫೆನಾಕ್ ಜೊತೆಗೆ ಮೆಂಥಾಲ್ ಮತ್ತು ಮೀಥೈಲ್ ಸ್ಯಾಲಿಸಿಲೇಟ್ ಇರುತ್ತವೆ. ಆ ತಂಪು, ಆ ಚುರುಚುರು ಅವುಗಳದ್ದು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇಂಥ ಮಿಶ್ರಣವನ್ನು ಕೇಳದೆ ಹಚ್ಚಬಾರದು, ಏಕೆಂದರೆ ಮೀಥೈಲ್ ಸ್ಯಾಲಿಸಿಲೇಟ್ ಆ ಮಾತ್ರೆಯ ಪ್ರಭಾವವನ್ನು ಹೆಚ್ಚಿಸಬಲ್ಲದು.

ಜೆಲ್ ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡುವುದು, ಬಿಗಿಯಾಗಿ ಬಟ್ಟೆ ಸುತ್ತುವುದು ಎರಡೂ ಬೇಡ. ಗಾಯವಿರುವ ಚರ್ಮದ ಮೇಲೆ ಹಚ್ಚಬಾರದು, ಹಚ್ಚಿದ ಕೈಯನ್ನು ತೊಳೆಯದೆ ಕಣ್ಣು ಮುಟ್ಟಬಾರದು, ಒಂದು ಗಂಟೆಯಾದರೂ ಸ್ನಾನ ಮಾಡಬಾರದು. ಆಸ್ಪಿರಿನ್ ಅಥವಾ ನೋವಿನ ಮಾತ್ರೆಯಿಂದ ಹಿಂದೆ ಉಬ್ಬಸ ಬಂದವರಿಗೆ ಈ ಜೆಲ್ ಆಗದು. ಮಂಡಿ ಇದ್ದಕ್ಕಿದ್ದಂತೆ ಕೆಂಪಗೆ ಊದಿ, ಬಿಸಿಯಾಗಿ, ಜೊತೆಗೆ ಜ್ವರವೂ ಬಂದರೆ ಅದನ್ನು ಸವೆತದ ನೋವೆಂದುಕೊಂಡು ಟ್ಯೂಬು ಹುಡುಕದೆ ಅಂದೇ ಆಸ್ಪತ್ರೆಗೆ ಹೋಗಬೇಕು.