ಬಲೆನೋ ಪ್ರಾಜೆಕ್ಟ್: ದೊಡ್ಡ ಪಂಪ್ ಕೂತಿತು, ಈಗ ಪ್ರೆಷರ್ ಲೆಕ್ಕ

ನನ್ನ ಹಳೇ ಮಾರುತಿ ಬಲೆನೋ ಕಾರಿಗೆ ಟರ್ಬೋ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಹಾಕುವ ತಯಾರಿ ಇದು. ಗಂಟೆಗೆ 255 ಲೀಟರ್ ತಳ್ಳುವ ಪೆಟ್ರೋಲ್ ಪಂಪ್ ಟ್ಯಾಂಕಿನೊಳಗೆ ಕೂತಾಗಿದೆ. ಟರ್ಬೋ ಇನ್ನೂ ಬೆಂಚಿನ ಮೇಲೇ ಇದೆ. ಪೆಟ್ರೋಲ್ ಪ್ರೆಷರ್ ಹಿಡಿತಕ್ಕೆ ಬರುವವರೆಗೆ ಅದನ್ನು ಮುಟ್ಟುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಹೊಸಬರಿಗೆ ಒಂದು ಮಾತು: ನನ್ನದು ಈಗಿನ ಹ್ಯಾಚ್‌ಬ್ಯಾಕ್ ಬಲೆನೋ ಅಲ್ಲ, 1999ರಲ್ಲಿ ಬಂದ 1.6 ಲೀಟರ್ ಸೆಡಾನ್. ಕೆಲಸ ನಡೆಯುತ್ತಿರುವುದು ಪುಣೆಯ ಭೋಸರಿಯಲ್ಲಿ, ನಿಪ್ಪಾಣಿ ಕಡೆಯ ಕಾಕಾ ಒಬ್ಬರ ಗ್ಯಾರೇಜಿನಲ್ಲಿ.

ಪಂಪ್ ಬದಲಿಸಿದ ದಿನವೇ ಕಾಕಾ ಹೇಳಿದ್ದರು: "ತಮ್ಮಾ, ಕಳಸೋದು ದೊಡ್ಡದು ಮಾಡೀದಿ, ವಾಪಸ್ ಬರೋ ದಾರಿ ಹಂಗೇ ಐತಲ್ಲ?" ಇಡೀ ವಿಷಯ ಆ ಪ್ರಶ್ನೆಯಲ್ಲೇ ಇದೆ.

ಪಂಪ್ ಕೆಲಸ ಪೆಟ್ರೋಲ್ ತಳ್ಳುವುದು. ಪ್ರೆಷರ್ ಎಷ್ಟಿರಬೇಕು ಅಂತ ನಿರ್ಧರಿಸುವುದು ರೇಲ್ (ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆ ಅದನ್ನು ಹಂಚುವ ಪೈಪ್) ತುದಿಯ ರೆಗ್ಯುಲೇಟರ್. ಅದು ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಬಿಡುತ್ತದೆ. 255 ಅನ್ನುವುದು ಸುಮಾರು 40 ಪಿಎಸ್‌ಐ (2.8 ಬಾರ್) ಪ್ರೆಷರ್, 13.5 ವೋಲ್ಟಿನಲ್ಲಿ ಗಂಟೆಗೆ ಹರಿಯುವ ಲೀಟರ್. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ, ಇದು ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಕುಡಿಯುತ್ತದೆ. ಮಿಕ್ಕಿದ್ದೆಲ್ಲ ವಾಪಸ್ ಹೋಗಲೇಬೇಕು. ಟರ್ಬೋ ಹಾಕಿ 150 ಬಿಎಚ್‌ಪಿ ತೆಗೆದರೂ ಪೂರ್ತಿ ಥ್ರಾಟಲ್‌ನಲ್ಲಿ 50-60 ಲೀಟರ್ ಅಷ್ಟೇ ಬೇಕು. ಅಂದರೆ ಜಾಸ್ತಿ ಹೊರೆ ಬೀಳುವುದು ರಿಟರ್ನ್ ಪೈಪಿನ ಮೇಲೆ, ಅದೂ ಐಡಲ್‌ನಲ್ಲಿ.

ರೇಲಿಗೆ ಗೇಜ್ ಹಾಕಿ ನೋಡಿದೆವು. ಸರಿಯಿದ್ದ ಗಾಡಿಯಲ್ಲಿ ಐಡಲ್‌ನಲ್ಲಿ 2.4 ಬಾರ್ ಆಸುಪಾಸು ಬರಬೇಕು. ಎಂಜಿನ್ ಗಾಳಿ ಎಳೆದುಕೊಳ್ಳುವ ಮ್ಯಾನಿಫೋಲ್ಡಿನಿಂದ ರೆಗ್ಯುಲೇಟರಿಗೆ ಬರುವ ವ್ಯಾಕ್ಯೂಮ್ ಪೈಪ್ ಬಿಚ್ಚಿದರೆ 3ಕ್ಕೆ ಏರಬೇಕು. ನಮಗೆ ಬಂದದ್ದು 3.7. ವ್ಯಾಕ್ಯೂಮ್ ಪೈಪ್ ಬಿಚ್ಚಿದರೆ 3.8. ಈ ಎರಡನೇ ಅಂಕಿ ತುಂಬಾ ಮುಖ್ಯ. ಪೈಪ್ ಬಿಚ್ಚಿದರೂ ಮುಳ್ಳು ಅಲುಗಾಡುವುದಿಲ್ಲ ಅಂದರೆ ರೆಗ್ಯುಲೇಟರ್ ಆಗಲೇ ಪೂರ್ತಿ ತೆರೆದು ಕೂತಿದೆ, ಅದರ ಕೈಯಲ್ಲಿ ಇನ್ನೇನೂ ಉಳಿದಿಲ್ಲ ಅಂತ ಅರ್ಥ. ಪಂಪ್ ದೊಡ್ಡದು ಮಾಡಿದವರು ಬೇರೇನೂ ಮಾಡದಿದ್ದರೂ ಇದೊಂದನ್ನು ನೋಡಲೇಬೇಕು. ಎರಡು ನಿಮಿಷದ ಕೆಲಸ.

ಇಸಿಯುನಲ್ಲೇ (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಕಡಿಮೆ ಮಾಡಿದರೆ ಸಾಕಲ್ವಾ ಅಂತ ಗೆಳೆಯರು ಕೇಳಿದರು. ಸಾಲದು. ಇಂಜೆಕ್ಟರಿಗೆ ಮುಖ್ಯವಾದದ್ದು ರೇಲ್ ಪ್ರೆಷರ್ ಮತ್ತು ಮ್ಯಾನಿಫೋಲ್ಡ್ ಪ್ರೆಷರ್ ನಡುವಿನ ವ್ಯತ್ಯಾಸ. ಅದು ಯಾವಾಗಲೂ 3 ಬಾರ್ ಇರಬೇಕು. ಹರಿವು ಈ ವ್ಯತ್ಯಾಸದ ವರ್ಗಮೂಲದಂತೆ ಏರುತ್ತದೆ. ನಮ್ಮ ಐಡಲ್‌ನಲ್ಲಿ 3.7ಕ್ಕೆ 0.6 ವ್ಯಾಕ್ಯೂಮ್ ಸೇರಿ 4.3. ಅಂದರೆ ಸುಮಾರು 20% ಹೆಚ್ಚು ಪೆಟ್ರೋಲ್. ಪೂರ್ತಿ ಥ್ರಾಟಲ್‌ನಲ್ಲಿ ವ್ಯಾಕ್ಯೂಮ್ ಇರುವುದಿಲ್ಲ, ಹಾಗಾಗಿ ಅಲ್ಲಿ 11% ಹೆಚ್ಚು. ತಪ್ಪು ಎಲ್ಲ ಕಡೆ ಒಂದೇ ಇದ್ದಿದ್ದರೆ ಒಂದು ಅಂಕಿ ಬದಲಿಸಿ ಮುಗಿಸಬಹುದಿತ್ತು. ಇದು ಲೋಡ್ ಜೊತೆ ಬದಲಾಗುತ್ತದೆ, ವೋಲ್ಟೇಜ್ ಜೊತೆಗೂ ಬದಲಾಗುತ್ತದೆ. ಹೆಡ್‌ಲೈಟ್ ಹಾಕಿದಾಗ ಒಂದು ಪೆಟ್ರೋಲ್-ಗಾಳಿ ಮಿಕ್ಸ್ಚರ್, ಆರಿಸಿದಾಗ ಇನ್ನೊಂದು. ಅಂಥ ಅಡಿಪಾಯದ ಮೇಲೆ ಟ್ಯೂನ್ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ವೋಲ್ಟೇಜಿನ ಮಾತು ಬಂತಲ್ಲ. ಹಳೇ ತೆಳು ವೈರಿನಲ್ಲಿ ಪಂಪಿನ ಬಳಿ ಸಿಗುತ್ತಿದ್ದದ್ದು 11.8 ವೋಲ್ಟ್. ಬ್ಯಾಟರಿಯಿಂದ ನೇರ ದಪ್ಪ ವೈರ್, ಹತ್ತಿರದಲ್ಲೇ ಫ್ಯೂಸ್, ಬೇರೆ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಹಾಕಿದ ಮೇಲೆ 13.4 ಆಯಿತು. ರಿಲೇ ಚಾಲೂ ಮಾಡುವುದು ಮಾತ್ರ ಹಳೇ ಪಂಪ್ ವೈರೇ, ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು. ವೈರ್ ಬದಲಿಸುವ ಮುಂಚೆ ಪ್ರೆಷರ್ 3.5 ಇತ್ತು, ಆಮೇಲೆ 3.8. ವೈರಿಂಗ್ ಸರಿಯಾದಷ್ಟೂ ರಿಟರ್ನ್ ತೊಂದರೆ ಎದ್ದು ಕಾಣುತ್ತದೆ.

ಈಗ ಪ್ರಶ್ನೆ: ಅಡ್ಡಿ ಇರುವುದು ರೆಗ್ಯುಲೇಟರಿನಲ್ಲೋ, ಪೈಪಿನಲ್ಲೋ? ಎಂಜಿನ್ ಬಂದ್ ಇಟ್ಟು, ರಿಲೇ ಜಂಪ್ ಮಾಡಿ ಪಂಪ್ ಮಾತ್ರ ಓಡಿಸಿದೆವು. ರೆಗ್ಯುಲೇಟರಿನ ರಿಟರ್ನ್ ಬಾಯಿಂದ ದಪ್ಪ ಹೋಸ್ ಒಂದನ್ನು ನೇರ ಕ್ಯಾನಿಗೆ ಬಿಟ್ಟೆವು. ಇದನ್ನು ಬಯಲಲ್ಲೇ ಮಾಡಬೇಕು, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಬೇಕು, ಕ್ಯಾನ್ ನೆಲದ ಮೇಲಿರಬೇಕು. ಕ್ಯಾನ್ ಬೇಗ ತುಂಬುತ್ತದೆ, ಹಾಗಾಗಿ ಕೆಲವೇ ಸೆಕೆಂಡ್. 3.8 ಇದ್ದದ್ದು 3.2ಕ್ಕೆ ಇಳಿಯಿತು. ಅಂದರೆ ದೊಡ್ಡ ಪಾಲು ಪೈಪಿನದು, ಸಣ್ಣ ಪಾಲು ರೆಗ್ಯುಲೇಟರಿನದು.

ಹಳೇ ರಿಟರ್ನ್ ಪೈಪಿನ ಒಳವ್ಯಾಸ ಅಳೆದರೆ 4.5 ಮಿಲಿಮೀಟರ್. ಹೊಸದು 6.5. ನೋಡೋಕೆ ಸಣ್ಣ ಬದಲಾವಣೆ. ಆದರೆ ಇಷ್ಟು ಜೋರು ಹರಿವಿನಲ್ಲಿ ಪೈಪಿನೊಳಗೆ ಕಳೆದುಹೋಗುವ ಪ್ರೆಷರ್, ವ್ಯಾಸ ಹೆಚ್ಚಿದಂತೆ ಐದನೇ ಘಾತದ ಲೆಕ್ಕದಲ್ಲಿ ಇಳಿಯುತ್ತದೆ. ಲೆಕ್ಕ ಹಾಕಿದರೆ ಆರನೇ ಒಂದು ಪಾಲಿಗೆ ಬರುತ್ತದೆ. ಬಗ್ಗಿಸಿದ ಜಾಗಗಳನ್ನೂ ಕಾಕಾ ಅಗಲವಾಗಿ, ನಿಧಾನವಾಗಿ ತಿರುಗಿಸಿದರು. ಅವರ ಕೈಕೆಲಸ ನೋಡುತ್ತಾ ನಿಲ್ಲುವುದೇ ಒಂದು ಖುಷಿ.

ಹೋಸ್ ವಿಷಯದಲ್ಲಿ ಜುಗ್ಗತನ ಬೇಡ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲ್, ಆ ಎಥನಾಲ್ ಹಳೇ ರಬ್ಬರನ್ನು ಹಾಳು ಮಾಡುತ್ತದೆ. ಹೊರಗಿನ ಜೋಡಣೆಗೆ 30ಆರ್9 ದರ್ಜೆಯ ಹೋಸ್ ಸಾಕು. ಟ್ಯಾಂಕಿನೊಳಗೆ ಮಾತ್ರ 30ಆರ್10 ಆಗಲೇಬೇಕು. ಮೊದಲನೆಯದರ ಹೊರಪದರ ಪೆಟ್ರೋಲಿನಲ್ಲಿ ಮುಳುಗಿ ಇರೋಕೆ ಮಾಡಿದ್ದಲ್ಲ. ಪುಣೆಯಲ್ಲಿ ಗಾಡಿ ಬಿಡಿಭಾಗ ಸಿಗುವ ನಾನಾ ಪೇಠೆಯಲ್ಲಿ ಹುಡುಕುವಾಗ ಹೋಸ್ ಮೇಲಿನ ಅಚ್ಚು ಓದಿಯೇ ತಗೊಳ್ಳಿ.

ರಿಟರ್ನ್ ಪೈಪ್ ಆದ ಮೇಲೆ ವ್ಯಾಕ್ಯೂಮ್ ಬಿಚ್ಚಿ ನೋಡಿದರೆ 3.3. ಉಳಿದ ಆ ಸಣ್ಣ ಪಾಲಿಗಾಗಿ ಅಡ್ಜಸ್ಟೆಬಲ್ ರೆಗ್ಯುಲೇಟರ್ ಹಾಕಿದೆವು. ವ್ಯಾಕ್ಯೂಮ್ ಪೈಪ್ ಬಿಚ್ಚಿ, ಅದರ ಬಾಯಿ ಮುಚ್ಚಿ, ಸ್ಕ್ರೂ ತಿರುಗಿಸಿ ಸರಿಯಾಗಿ 3ಕ್ಕೆ ನಿಲ್ಲಿಸಿದೆವು. ವ್ಯಾಕ್ಯೂಮ್ ಪೈಪ್ ಮತ್ತೆ ಹಾಕಿದ ತಕ್ಷಣ 2.4ಕ್ಕೆ ಇಳಿಯಿತು. ಐಡಲ್‌ನಲ್ಲಿ 0.84 ತೋರಿಸುತ್ತಿದ್ದ ಲ್ಯಾಂಬ್ಡಾ (ಮಿಕ್ಸ್ಚರ್ ಅಳತೆ: 1 ಅಂದರೆ ಸರಿ, ಅದಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ) ಈಗ 1ರ ಹತ್ತಿರ ನಿಂತಿದೆ. ಇ20 ಹಾಕುವವರು ಎಥನಾಲ್ ಇಲ್ಲದ ಪೆಟ್ರೋಲಿನ ಗಾಳಿ-ಪೆಟ್ರೋಲ್ ಅನುಪಾತವಾದ 14.7 ಅಂಕಿ ಬಿಟ್ಟು ಲ್ಯಾಂಬ್ಡಾದಲ್ಲೇ ಓದುವುದು ಒಳ್ಳೆಯದು. ಆ ಪೆಟ್ರೋಲಿಗೆ ಸರಿಯಾದ ಅನುಪಾತ 13.5ರ ಸುತ್ತ ಬರುತ್ತದೆ.

ಟರ್ಬೋ ಇಲ್ಲದೆಯೇ ಬೂಸ್ಟ್ (ಟರ್ಬೋ ತುಂಬುವ ಗಾಳಿಯ ಪ್ರೆಷರ್) ಪರೀಕ್ಷೆಯೂ ಆಯಿತು. ರೆಗ್ಯುಲೇಟರಿನ ನಿಪ್ಪಲ್‌ಗೆ ಕೈಪಂಪಿನಿಂದ 0.5 ಬಾರ್ ಗಾಳಿ ಕೊಟ್ಟೆವು. ಗೇಜ್ 3.5 ತೋರಿಸಿತು. ಗಾಳಿ ಎಷ್ಟೋ ಅಷ್ಟೇ ಏರಿಕೆ. "ಈಗ ಟರ್ಬೋ ಇಡು ತಮ್ಮಾ," ಅಂದರು ಕಾಕಾ.

ಟರ್ಬೋ ಕೂತ ಮೇಲೆ ಈ ಗಾಡಿ ಟ್ರ್ಯಾಕಿಗೆ ಮಾತ್ರ. ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ತಡೆ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವಾಗ ಅದನ್ನು ರಸ್ತೆಗೆ ಇಳಿಸುವ ಆಸೆ ನನಗಿಲ್ಲ.

ಅದಕ್ಕೂ ಮೊದಲು ಎರಡು ಕೆಲಸ ಬಾಕಿ. ಎಂಜಿನ್ ಆರಿಸಿದ ಮೇಲೆ ಪ್ರೆಷರ್ ಬೇಗ ಇಳಿಯುತ್ತಿದೆ, ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗೋಕೆ ಹೊತ್ತು ಹಿಡಿಯುತ್ತದೆ. ಸೋರುತ್ತಿರುವುದು ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವೋ, ರೆಗ್ಯುಲೇಟರಿನ ಸೀಟೋ (ಅದರ ವಾಲ್ವ್ ಕೂರುವ ಜಾಗ) ನೋಡಬೇಕು. ಆರಿಸಿದ ಕೂಡಲೇ ರಿಟರ್ನ್ ಹೋಸ್ ಅದುಮಿ ಹಿಡಿದಾಗ ಪ್ರೆಷರ್ ನಿಂತರೆ ರೆಗ್ಯುಲೇಟರ್, ಆಗಲೂ ಇಳಿದರೆ ಹೆಚ್ಚಾಗಿ ಪಂಪ್. ಇನ್ನೊಂದು ಕೆಲಸ ಬಿಸಿಯದು. ಇಷ್ಟೊಂದು ಪೆಟ್ರೋಲ್ ಎಂಜಿನ್ ಬಳಿ ಸುತ್ತಿ ಬರುವುದರಿಂದ ಟ್ಯಾಂಕ್ ಬೆಚ್ಚಗಾಗುತ್ತದೆ, ಪೆಟ್ರೋಲ್ ಕಡಿಮೆ ಇದ್ದಾಗ ಪಂಪಿನ ಕುಂಯ್ ಸದ್ದೂ ಜಾಸ್ತಿ. ಮಧ್ಯಾಹ್ನದ ಬಿಸಿಲಲ್ಲಿ, ಕಾಲು ಟ್ಯಾಂಕಿನಲ್ಲಿ, ಗೇಜ್ ಹಾಕಿಕೊಂಡೇ ಓಡಿಸಿ ನೋಡುತ್ತೇವೆ. ಆಗಲೂ ಮುಳ್ಳು ನಿಂತರೆ ಟರ್ಬೋ ಮ್ಯಾನಿಫೋಲ್ಡ್ ಬೆಂಚಿನಿಂದ ಇಳಿಯುತ್ತದೆ.