ನಾವು ಕಡಿಮೆ ಬಳಸಿದ್ದೀವಲ್ಲ ಅಮ್ಮಾ!

ಕಳೆದ ವಾರ ನೀರಿನ ಬಿಲ್ಲಿನ ಜೊತೆ ಒಂದು ಚೀಟಿ ಬಂತು. ಅಕ್ಕಪಕ್ಕದ ಮನೆಗಳಿಗಿಂತ ನೀವು ಕಡಿಮೆ ನೀರು ಬಳಸಿದ್ದೀರಿ, ಅಂತ. ಒಳಗೊಳಗೇ ಹೆಮ್ಮೆಪಟ್ಟು ಮಗಳಿಗೆ ಓದಿ ಹೇಳಿದೆ. "ಹಾಗಾದ್ರೆ ಇವತ್ತು ಶವರ್ ಕೆಳಗೆ ಜಾಸ್ತಿ ಹೊತ್ತು ನಿಲ್ಲಬಹುದು, ಅಲ್ವಾ ಅಮ್ಮಾ?" ಅಂದಳು.

ನಗಬೇಡಿ, ದೊಡ್ಡವರೂ ಹೀಗೇ. ನಾವಿರುವ ಅಮೆರಿಕದ ಸ್ಯಾನ್ ಡಿಯೇಗೊ ಹತ್ತಿರ ಸ್ಯಾನ್ ಮಾರ್ಕೋಸ್ ಅಂತ ಊರಿದೆ. ಅಲ್ಲಿ 300ರ ಹತ್ತಿರ ಮನೆಗಳಿಗೆ ಮನಶ್ಶಾಸ್ತ್ರಜ್ಞರು ನೆರೆಯವರ ಸರಾಸರಿ ಕರೆಂಟ್ ಲೆಕ್ಕ ತಿಳಿಸಿ ನೋಡಿದರು. 2007ರಲ್ಲಿ ಅದು ಪ್ರಕಟವಾಯಿತು. ಜಾಸ್ತಿ ಉರಿಸುತ್ತಿದ್ದವರು ಇಳಿಸಿದರು. ಕಡಿಮೆ ಉರಿಸುತ್ತಿದ್ದವರು ಏರಿಸಿದರು! ಲೆಕ್ಕದ ಪಕ್ಕ ಒಂದು ನಗುಮುಖ ಬರೆದುಕೊಟ್ಟಾಗ ಮಾತ್ರ ಏರಿಸಲಿಲ್ಲ. ಒಂದು ಶಭಾಷ್ ಸಾಕಾಯಿತು. ನಮ್ಮ ಚೀಟಿಯಲ್ಲಿ ನಗುಮುಖ ಇರಲಿಲ್ಲ. ನಾನೇ ಬರೆದು ಫ್ರಿಜ್ಜಿಗೆ ಅಂಟಿಸಿದೆ.

ಬೆಂಗಳೂರಿನ ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ನಮ್ಮಲ್ಲಿ ಯಾರು ಎಷ್ಟು ಸುರೀತಾರೆ ಅಂತ ದೇವರಿಗೂ ಗೊತ್ತಿಲ್ಲ ಕಣೇ" ಅಂದಳು. ಅವಳ ಅಪಾರ್ಟ್‌ಮೆಂಟಿನಲ್ಲಿ ಮನೆಮನೆಗೆ ಮೀಟರ್ ಇಲ್ಲ. ಟ್ಯಾಂಕರ್ ಸೇರಿ ಎಲ್ಲ ಮೇಂಟೆನೆನ್ಸ್‌ನಲ್ಲೇ, ಚದರಡಿ ಲೆಕ್ಕದಲ್ಲಿ. ಉಳಿಸಿದವರೂ ಅಷ್ಟೇ ಕೊಡಬೇಕು, ದಿನಾ ಕಾರು ತೊಳೆದವರೂ ಅಷ್ಟೇ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿತು ಜಲಮಂಡಳಿ. ಆಗ ಅವರ ಪಾರ್ಕಿಂಗ್‌ನಲ್ಲಿ ಒದ್ದೆಬಟ್ಟೆ ಕಾಣಿಸಿತಂತೆ. ಮಳೆ ಬಂತು, ಕಾರು ತೊಳೆಯುವ ಪೈಪೂ ವಾಪಸ್ ಬಂತು. ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪುಗಳು ಎತ್ತಿ ಎತ್ತಿ ಕೊಟ್ಟು ಬರುವುದು ಬಚ್ಚಲಿನ ನಲ್ಲಿಯಲ್ಲಿ ಕಾಣಲ್ಲವಲ್ಲ.

ಶ್ರೀರಾಂಪುರದ ನಮ್ಮ ವಠಾರದಲ್ಲಿ ಎಲ್ಲ ಕಾಣುತ್ತಿತ್ತು. ಏಳು ಮನೆಗೆ ಒಂದೇ ನಲ್ಲಿ. ಮನೆಗೆ ಇಂತಿಷ್ಟು ಕೊಡ ಅಂತ ಗೊತ್ತು ಮಾಡಿದ್ದವರು ಅಲ್ಲಿನ ಹೆಂಗಸರೇ. ಬಾಣಂತಿ ಇದ್ದರೆ ಎರಡು ಕೊಡ ಹೆಚ್ಚಿಗೆ. ಕದ್ದು ತುಂಬಿದರೆ ಮೂಲೆಮನೆ ಅಜ್ಜಿಯ ಬೈಗುಳ. ಇಂಥ ಕಟ್ಟುಪಾಡುಗಳನ್ನು ಹಲವು ದೇಶಗಳಲ್ಲಿ ನೋಡಿ, ಜನರೇ ಕೂಡಿ ನೀರು, ಕಾಡು ಕಾಯಬಲ್ಲರು ಅಂತ ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮೂಲೆಮನೆ ಅಜ್ಜಿಗೆ ಬಂದದ್ದು ಜಗಳಗಂಟಿ ಅನ್ನುವ ಹೆಸರು.

ಅಜ್ಜಿಯ ಕಣ್ಣು ಸುಖದ್ದೇನೂ ಆಗಿರಲಿಲ್ಲ. ಯಾರ ಮನೆಗೆ ನೆಂಟರು ಬಂದರು, ಯಾರು ಹೊತ್ತಲ್ಲದ ಹೊತ್ತಿಗೆ ತಲೆಗೆ ಎರೆದುಕೊಂಡರು, ಎಲ್ಲ ಆಕೆಗೆ ಬೇಕು. ಅದರಿಂದ ತಪ್ಪಿಸಿಕೊಳ್ಳಲಿಕ್ಕೇ ಅಲ್ವಾ ನಾವೆಲ್ಲ ಬಾಗಿಲು ಹಾಕಿಕೊಳ್ಳುವ ಫ್ಲ್ಯಾಟುಗಳಿಗೆ ಓಡಿದ್ದು?

ಅಕ್ಕನ ಅಸೋಸಿಯೇಷನ್‌ನಲ್ಲಿ ಈಗ ಮೀಟರ್ ಮಾತು ನಡೆದಿದೆ. ಹಾಕಿಸಿದರೆ ಪ್ರತಿ ಮನೆಯ ಲೆಕ್ಕವನ್ನೂ ಲಿಫ್ಟ್ ಪಕ್ಕದ ಬೋರ್ಡಿನಲ್ಲಿ ಬರೆಯಿರಿ ಅಂದೆ.

"ಮೀಟರ್‌ಗೆ ಒಪ್ಪಿಸೋದೇ ಕಷ್ಟ. ನಿನ್ನ ಬೋರ್ಡಿನ ಮಾತು ಎತ್ತಿದ್ರೆ ನನ್ನನ್ನೇ ಕಮಿಟಿಯಿಂದ ಎತ್ತಿಬಿಡ್ತಾರೆ" ಅಂದಳು ಅಕ್ಕ.