ಕ್ಯಾಮೆರಾ ಎಲ್ಲಿ ನಿಂತಿದೆ? 'ದಿ ಆಫೀಸ್' ಚಿತ್ರೀಕರಣದ ಒಳಗಿನ ಲೆಕ್ಕ

ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ನಲ್ಲಿ ಒಂದು ಪೇಪರ್ ಕಂಪನಿ. ಅಲ್ಲಿನ ದಿನಚರಿಯನ್ನು ಸೆರೆಹಿಡಿಯಲು ಬಂದಿರುವ ಒಂದು ಸಾಕ್ಷ್ಯಚಿತ್ರ ತಂಡ. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 2005ರಿಂದ 2013ರವರೆಗೆ ಬಂದ 'ದಿ ಆಫೀಸ್' ಎಂಬ ಕಾಮಿಡಿ ಸರಣಿಯ ಕಥೆಯ ಚೌಕಟ್ಟು ಇಷ್ಟೇ. ಬಿಬಿಸಿಯ ಮೂಲ ಸರಣಿಯನ್ನು ಅಮೆರಿಕಕ್ಕೆ ತಂದ ಗ್ರೆಗ್ ಡೇನಿಯಲ್ಸ್ ಈ ತಂಡವನ್ನು ಬರೀ ನೆಪವಾಗಿ ಬಳಸಲಿಲ್ಲ. ಕ್ಯಾಮೆರಾ ನಿಲ್ಲಲು ಜಾಗ ಇರಬೇಕು, ಅದು ಅಲ್ಲಿರಲು ಕಾರಣವೂ ಇರಬೇಕು. ಸೆಟ್ಟು, ಲೈಟು, ಎಡಿಟಿಂಗು, ಕೊನೆಗೆ ಖರ್ಚು ಕೂಡ ಈ ಒಂದು ನಿಯಮಕ್ಕೇ ತಲೆಬಾಗುತ್ತಿತ್ತು.

ಮೊದಲ ಕಂತಿನ ನಿರ್ದೇಶಕ ಕೆನ್ ಕ್ವಾಪಿಸ್ ಶುರುವಿನ ದಿನಗಳಲ್ಲಿ ಬೆಳಗಿನ ಮೊದಲ ಅರ್ಧ ಗಂಟೆ ಯಾವ ದೃಶ್ಯವನ್ನೂ ತೆಗೆಯುತ್ತಿರಲಿಲ್ಲ. ಕಲಾವಿದರು ತಮ್ಮ ತಮ್ಮ ಮೇಜಿನಲ್ಲಿ ಕೂತು ಆಫೀಸ್ ಕೆಲಸ ಮಾಡಬೇಕು, ಕ್ಯಾಮೆರಾ ಸುಮ್ಮನೆ ಓಡುತ್ತಿರುತ್ತದೆ. ಇದರ ಉಪಯೋಗ ದೊಡ್ಡದು. ಕಾಮಿಡಿಯಲ್ಲಿ ಹಿನ್ನೆಲೆಯಲ್ಲಿ ಕೂತವರು ಮಾತಾಡುವವನನ್ನೇ ನೋಡುತ್ತಾ ಜೋಕಿಗೆ ಕಾಯತೊಡಗಿದರೆ ದೃಶ್ಯ ಕೆಟ್ಟಿತು ಅಂತಲೇ ಲೆಕ್ಕ. ನಿಜವಾದ ಆಫೀಸಿನಲ್ಲಿ ಪಕ್ಕದವರ ಗಲಾಟೆಗೆ ಅರ್ಧದಷ್ಟು ಜನ ತಲೆಯನ್ನೂ ಎತ್ತುವುದಿಲ್ಲ. ಸೆಟ್ಟಿನ ಕಂಪ್ಯೂಟರುಗಳಿಗೆ ಇಂಟರ್ನೆಟ್ ಕೊಟ್ಟಿದ್ದರಿಂದ ಹಿಂದೆ ಕೂತ ಕಲಾವಿದರು ನಿಜಕ್ಕೂ ಇಮೇಲ್ ನೋಡುತ್ತಾ ಟೈಪ್ ಮಾಡುತ್ತಾ ಇರುತ್ತಿದ್ದರು. ಅವರ ಮುಖದಲ್ಲಿ ಕಾಣುವ ಆ ಮಗ್ನತೆ ಅಭಿನಯವಲ್ಲ.

ಕೂರಿಸುವ ಜಾಗದಲ್ಲೂ ಲೆಕ್ಕಾಚಾರವಿತ್ತು. ಕೆಲ್ಲಿ ಪಾತ್ರದ ಮಿಂಡಿ ಕೇಲಿಂಗ್, ಟೋಬಿ ಪಾತ್ರದ ಪಾಲ್ ಲೀಬರ್‌ಸ್ಟೀನ್ ಇಬ್ಬರೂ ಸರಣಿಯ ಬರಹಗಾರರು. ಮುಖ್ಯ ಹಾಲಿನಲ್ಲಿ ಕೂರಿಸಿದರೆ ಪ್ರತಿ ಫ್ರೇಮಿನ ಹಿಂದೆಯೂ ಅವರು ದಿನವಿಡೀ ಕಾಣಬೇಕು. ಹಿಂಭಾಗದ ಅನೆಕ್ಸ್‌ನಲ್ಲಿ ಮೇಜು ಹಾಕಿಕೊಟ್ಟರೆ ಎದ್ದು ಹೋಗಿ ಬರೆಯಬಹುದು.

ಸರಣಿಯ ಕಣ್ಣು ರ‍್ಯಾಂಡಲ್ ಐನ್‌ಹಾರ್ನ್. 'ಸರ್ವೈವರ್' ಎಂಬ ರಿಯಾಲಿಟಿ ಶೋದಲ್ಲಿ ಕೆಲಸ ಮಾಡಿ ಬಂದ ಛಾಯಾಗ್ರಾಹಕ. ಮುಂದೇನಾಗುತ್ತದೆ ಅಂತ ಗೊತ್ತಿಲ್ಲದೆ ಕ್ಯಾಮೆರಾ ಹಿಡಿದು ಅಭ್ಯಾಸವಿದ್ದ ಕೈ. ಸ್ಕ್ರಿಪ್ಟ್ ಇರುವ ಕಾಮಿಡಿಗೆ ಬೇಕಾದದ್ದೂ ಅದೇ. ಆಫೀಸಿನ ಬಾಸ್ ಮೈಕಲ್ ಏನೋ ಒಂದು ಎಡವಟ್ಟು ಮಾತಾಡಿದ ಅನ್ನಿ. ಕ್ಯಾಮೆರಾ ಮೊದಲು ಅವನ ಮೇಲಿರಬೇಕು, ಮಾತು ಮುಗಿದ ಮೇಲೆ ಅವನ ಕೈಕೆಳಗಿನ ಸ್ಟಾನ್ಲಿಯ ಕಡೆ ತಿರುಗಬೇಕು, ಅರೆಕ್ಷಣ ತಡವಾಗಿಯೇ ತಲುಪಬೇಕು, ಫೋಕಸ್ ಸಿಗಲು ಒಂದಿಷ್ಟು ತಡಕಾಡಬೇಕು. ಮಾತು ಮುಗಿಯುವ ಮೊದಲೇ ಫ್ರೇಮು ಸ್ಟಾನ್ಲಿಯ ಮೇಲೆ ಸಿದ್ಧವಾಗಿ ನಿಂತಿದ್ದರೆ, ಇದು ಬರೆದಿಟ್ಟ ಜೋಕು ಅಂತ ನೋಡುವವರಿಗೆ ತಿಳಿದುಹೋಗುತ್ತದೆ. ಸಂಭಾಷಣೆ ಬಾಯಿಪಾಠವಾಗಿದ್ದರೂ ಗೊತ್ತಿಲ್ಲದವನ ಹಾಗೆ ಕ್ಯಾಮೆರಾ ತಿರುಗಿಸುವುದು, ನನ್ನ ಪ್ರಕಾರ, ಈ ಸರಣಿಯ ಅತ್ಯಂತ ಕಷ್ಟದ ಅಭಿನಯ.

ಒಬ್ಬರೇ ಕೂತು ಕ್ಯಾಮೆರಾಕ್ಕೆ ಹೇಳಿಕೊಳ್ಳುವ ತುಣುಕುಗಳು ನಗಿಸುವುದಕ್ಕಷ್ಟೇ ಇಲ್ಲ. ಪ್ರಸಾರಕ್ಕೆ ಸಿಗುವುದು ಸುಮಾರು 22 ನಿಮಿಷ, ತೆಗೆದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ದೃಶ್ಯದ ನಡುವಿನ ಒಂದು ನಿಮಿಷ ಕಿತ್ತರೆ ನಿಂತವನು ತಟ್ಟನೆ ಕೂತಿರುತ್ತಾನೆ. ಆ ಸಂದಿಗೆ ಇಂಥ ತುಣುಕು ಇಟ್ಟರೆ ಹೊಲಿಗೆ ಕಾಣುವುದಿಲ್ಲ.

ಇನ್ನು ಶಬ್ದ. ಪಾತ್ರಗಳು ಕಾಲರ್ ಮೈಕ್ ಹಾಕಿಕೊಂಡಿರುತ್ತಾರೆ ಅನ್ನುವುದು ಕಥೆಯೊಳಗೇ ಇರುವ ಸಂಗತಿ. ಹಾಗಾಗಿ ಕ್ಯಾಮೆರಾ ಗಾಜಿನಾಚೆ, ಪರದೆಯ ಸಂದಿಯಲ್ಲಿ ಎಲ್ಲೋ ದೂರ ನಿಂತಿದ್ದರೂ ಮಾತು ಹತ್ತಿರದಿಂದ ಕೇಳಿದರೆ ಅಸಹಜ ಅನ್ನಿಸುವುದಿಲ್ಲ. ಇದೇ ನಿಯಮವನ್ನು 2011ರ 'ಗುಡ್‌ಬೈ, ಮೈಕಲ್' ಕಂತು ತಿರುಗಿಸಿ ಬಳಸಿತು. ವಿಮಾನ ನಿಲ್ದಾಣದಲ್ಲಿ ಮೈಕಲ್ ಮೈಕ್ ಬಿಚ್ಚಿ ತಂಡದ ಕೈಗೆ ಕೊಡುತ್ತಾನೆ. ಆಮೇಲೆ ಅದೇ ಆಫೀಸಿನ ಪ್ಯಾಮ್ ಓಡಿ ಬಂದು ಅಪ್ಪಿಕೊಳ್ಳುತ್ತಾಳೆ, ಅವರ ಮಾತು ಮಾತ್ರ ನಮಗೆ ಕೇಳಿಸುವುದಿಲ್ಲ. ಅಲ್ಲಿ ಹಿನ್ನೆಲೆ ಸಂಗೀತ ತುಂಬಿ ಅಳಿಸುವ ಆಸೆಯನ್ನು ತಡೆದುಕೊಂಡದ್ದಕ್ಕೆ ಆ ಬೀಳ್ಕೊಡುಗೆಗೆ ಅಷ್ಟು ತೂಕ ಬಂದಿದೆ.

ಕ್ಯಾಮೆರಾದ ನಿಯಮ ಪಾಲಿಸಲು ದುಡ್ಡು ಸುರಿದದ್ದು 2008ರಲ್ಲಿ, ಐದನೇ ಸೀಸನ್ನಿನ ಮೊದಲ ಕಂತಿನಲ್ಲಿ. ಪ್ಯಾಮ್‌ಳ ಸಹೋದ್ಯೋಗಿ, ಪ್ರಿಯಕರ ಜಿಮ್ ಮಳೆಯಲ್ಲಿ, ಪೆಟ್ರೋಲ್ ಬಂಕಿನ ಮುಂದೆ, ಪ್ಯಾಮ್‌ಗೆ ಮದುವೆಯ ಮಾತು ಕೇಳುವ ದೃಶ್ಯ. ತೆರೆಯ ಮೇಲೆ ಇರುವುದು 52 ಸೆಕೆಂಡು, ಖರ್ಚು ಸುಮಾರು 2,50,000 ಡಾಲರ್. ಕನೆಕ್ಟಿಕಟ್‌ನ ಮೆರಿಟ್ ಪಾರ್ಕ್‌ವೇ ಹೆದ್ದಾರಿಯಲ್ಲಿರುವ ನಿಜವಾದ ಬಂಕಿನ ನಕಲನ್ನು ಲಾಸ್ ಏಂಜಲಿಸ್ ಕಡೆಯ ಒಂದು ಬೆಸ್ಟ್ ಬೈ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಕಟ್ಟಿದರು. ಅಳತೆಗೆ, ನೋಟಕ್ಕೆ ಗೂಗಲ್ ಸ್ಟ್ರೀಟ್ ವ್ಯೂ ಚಿತ್ರಗಳನ್ನು ಆಧಾರ ಮಾಡಿಕೊಂಡರು. ಕ್ಯಾಮೆರಾ ರಸ್ತೆಯ ಆಚೆ ಬದಿಯಲ್ಲಿ ಸಿಕ್ಕಿಹಾಕಿಕೊಂಡಂತೆ ಇರಬೇಕು, ಅದರ ಮುಂದೆ ವಾಹನಗಳು ಹಾಯುತ್ತಿರಬೇಕು. ಅದಕ್ಕೆ ಬಂಕಿನ ಸುತ್ತ ದುಂಡಗೆ ನಾಲ್ಕು ಲೇನಿನ ದಾರಿ ಮಾಡಿ, ಗಂಟೆಗೆ ಸುಮಾರು 55 ಮೈಲಿ ವೇಗದಲ್ಲಿ ಕಾರುಗಳನ್ನು ಸುತ್ತು ಹೊಡೆಸಿದರು. ಮಳೆಗೆ ದೊಡ್ಡ ಯಂತ್ರಗಳು. ಇಷ್ಟಾದರೂ ಹಿನ್ನೆಲೆಯಲ್ಲಿ ಕ್ಯಾಲಿಫೋರ್ನಿಯಾದ ಗುಡ್ಡಗಳು ಕಾಣುತ್ತಿದ್ದವು. ಅವನ್ನು ಗ್ರಾಫಿಕ್ಸ್‌ನಲ್ಲಿ ಅಳಿಸಿ, ಪೂರ್ವ ಕರಾವಳಿಯ ಮರಗಳನ್ನು ಕೂರಿಸಿದರು.